ಮೂವತ್ತು ಪ್ರಶ್ನೆಗಳು ಮತ್ತು ಒಂದು ‘ಚೆನ್ನಾಗಿದ್ದೀನಿ’: ಕ್ಯಾನ್ಸರ್ ರೋಗಿಯ ಮನಸ್ಸನ್ನು ಅಳೆಯುವ ಪ್ರಶ್ನಾವಳಿಗಳ ವಿಮರ್ಶೆ

ಕಾವ್ಯ, ಕಾದಂಬರಿ, ನಾಟಕಗಳನ್ನು ವಿಮರ್ಶಿಸುವುದು ನಮಗೆಲ್ಲ ರೂಢಿಯಾದ ಕೆಲಸ. ಆಸ್ಪತ್ರೆಯಲ್ಲಿ ಪೆನ್ನಿನ ಜೊತೆಗೆ ಕೈಗೆ ಕೊಡುವ ಪ್ರಶ್ನಾವಳಿಯನ್ನು ಒಂದು ಕೃತಿಯಂತೆ ಎದುರಿಗಿಟ್ಟುಕೊಂಡು ಓದುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಪ್ರಶ್ನಾವಳಿಗೂ ಬರೆದವರಿದ್ದಾರೆ, ಕಾಲದೇಶಗಳಿವೆ, ಇಂಥವನೇ ಇದನ್ನು ಓದುತ್ತಾನೆ ಎಂದು ಬರೆದವರು ಮನಸ್ಸಿನಲ್ಲಿ ಕಲ್ಪಿಸಿಕೊಂಡ ಓದುಗನಿದ್ದಾನೆ. ಆ ಓದುಗ ಮತ್ತು ನಿಜವಾಗಿ ಪೆನ್ನು ಹಿಡಿದವನು ಬೇರೆ ಬೇರೆಯಾದಾಗ ಏನಾಗುತ್ತದೆ ಎಂಬುದು ಈ ಲೇಖನದ ವಿಷಯ. ನಾನು ಕರ್ನಾಟಕದಲ್ಲಿ ವೈದ್ಯಕೀಯ ಓದಿ, ಬ್ರಿಟನ್ನಿನಲ್ಲಿ ಜನರಲ್ ಮೆಡಿಸಿನ್ ವೃತ್ತಿ ಮಾಡಿ ನಿವೃತ್ತನಾದವನು. ಕ್ಯಾನ್ಸರ್ ತಜ್ಞನಲ್ಲ, ಮನೋವೈದ್ಯನೂ ಅಲ್ಲ. ಆದರೆ ಈ ಎರಡೂ ವಿಭಾಗಗಳ ನಡುವಿನ ಓಣಿಯಲ್ಲಿ ನಿಂತು ಕಾಯುವ ರೋಗಿಗಳನ್ನು ಜನರಲ್ ಫಿಸಿಷಿಯನ್ ನೋಡಿದಷ್ಟು ಬೇರೆ ಯಾರೂ ನೋಡಿರಲಾರರು.

ಮೊದಲು ಸ್ವಲ್ಪ ಇತಿಹಾಸ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಯುದ್ಧದ ವಿಷಾನಿಲದ ಸಂಬಂಧಿಯಾದ ನೈಟ್ರೋಜನ್ ಮಸ್ಟರ್ಡ್ ಎಂಬ ರಾಸಾಯನಿಕವನ್ನು ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಔಷಧಿಯಾಗಿ ಕೊಟ್ಟು ನೋಡುತ್ತಿದ್ದರು. ಗಡ್ಡೆ ಕುಗ್ಗಿತೋ ಇಲ್ಲವೋ ಎಂಬುದು ಎಕ್ಸ್‌ರೇಯಲ್ಲಿ ತಿಳಿಯುತ್ತಿತ್ತು. ಗಡ್ಡೆ ಕುಗ್ಗಿದ ಮನುಷ್ಯ ಎದ್ದು ಓಡಾಡಿದನೋ ಎಂಬುದನ್ನು ಬರೆದಿಡುವುದಕ್ಕೆ ಒಂದು ಅಳತೆ ಬೇಕಾಯಿತು. ಡೇವಿಡ್ ಕಾರ್ನಾಫ್ಸ್ಕಿ ಮತ್ತು ಜೋಸೆಫ್ ಬರ್ಚೆನಾಲ್ 1948-49ರ ಹೊತ್ತಿಗೆ ಅಂಥದೊಂದನ್ನು ಕೊಟ್ಟರು. 100 ಎಂದರೆ ರೋಗದ ಸುಳಿವೇ ಇಲ್ಲದ ಸಹಜ ಸ್ಥಿತಿ, 50 ಎಂದರೆ ಸಾಕಷ್ಟು ನೆರವು ಮತ್ತು ಪದೇ ಪದೇ ವೈದ್ಯರ ಆರೈಕೆ ಬೇಕಾಗುವ ಸ್ಥಿತಿ, 0 ಎಂದರೆ ಸಾವು. ಮುಕ್ಕಾಲು ಶತಮಾನ ಕಳೆದರೂ ಇದು ಬಳಕೆಯಲ್ಲಿದೆ. ಕಾರಣ, ಅದನ್ನು ತುಂಬಲು ಒಂದು ನಿಮಿಷವೂ ಬೇಡ. ಅದರ ಕೊರತೆಗೂ ಅದೇ ಕಾರಣ. ಅಂಕ ಕೊಡುವವರು ವೈದ್ಯರು. ರೋಗಿ ಬಾಯಿ ಬಿಡಬೇಕಾಗಿಯೇ ಇಲ್ಲ. ‘ಕೆಲಸ’ ಎಂಬ ಮಾತು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಕಾಲದ ಅಮೆರಿಕದ ಕಣ್ಣಿಗೆ ಕೆಲಸವೆಂದರೆ ಏನೆಂದು ಊಹಿಸಬಹುದು. ನಮ್ಮ ಮನೆಯ ಅಜ್ಜಿ ಬೆಳಿಗ್ಗೆ ಎದ್ದು ದೇವರ ಮುಂದೆ ದೀಪ ಹಚ್ಚಿ, ಕೂತಲ್ಲೇ ಸೊಪ್ಪು ಬಿಡಿಸಿಕೊಟ್ಟರೆ ಅದು ಕೆಲಸವೇ ಅಲ್ಲವೇ? ಅದನ್ನು ಅವರ ಕೈಯಿಂದ ಕಿತ್ತುಕೊಂಡು ‘ನೀವು ರೆಸ್ಟ್ ತಗೊಳ್ಳಿ ಅಮ್ಮ’ ಎಂದಾಗ ಎಷ್ಟು ಅಂಕ ಕಳೆಯಬೇಕು? ಕಾರ್ನಾಫ್ಸ್ಕಿ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ.

ರೋಗಿಯನ್ನೇ ಕೇಳಬೇಕು ಎಂಬ ತಿಳಿವಳಿಕೆ ಬಂದು ನೆಲೆಯೂರಲು ಇನ್ನೂ ನಾಲ್ಕು ದಶಕ ಹಿಡಿಯಿತು. 1993ರಲ್ಲಿ ಎರಡು ಪ್ರಶ್ನಾವಳಿಗಳು ಪ್ರಕಟವಾದವು. ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಒಆರ್‌ಟಿಸಿ ತಂದದ್ದು ಕ್ಯುಎಲ್‌ಕ್ಯು-ಸಿ30. ನೀಲ್ ಆರನ್ಸನ್ ಮತ್ತು ಸಂಗಡಿಗರು ರೂಪಿಸಿದ ಮೂವತ್ತು ಪ್ರಶ್ನೆಗಳು. ಅಮೆರಿಕದಲ್ಲಿ ಡೇವಿಡ್ ಸೆಲ್ಲಾ ತಂಡ ತಂದದ್ದು ಫ್ಯಾಕ್ಟ್-ಜಿ. ಇಂದು ಪ್ರಪಂಚದ ಬಹುಪಾಲು ಕ್ಯಾನ್ಸರ್ ಅಧ್ಯಯನಗಳಲ್ಲಿ ‘ಜೀವನ ಗುಣಮಟ್ಟ’ ಎಂಬ ಮಾತು ಬಂದರೆ ಅದರ ಹಿಂದೆ ಈ ಎರಡರಲ್ಲಿ ಒಂದು ಇರುವ ಸಂಭವ ಹೆಚ್ಚು.

ಕ್ಯುಎಲ್‌ಕ್ಯು-ಸಿ30 ನನಗೆ ಮೆಚ್ಚಿಗೆಯಾದ ಕೃತಿ. ಮೊದಲು ಅದನ್ನು ಹೇಳಿಬಿಡುತ್ತೇನೆ. ಭಾಷೆ ಸರಳ, ವಾಕ್ಯಗಳು ಚಿಕ್ಕವು, ‘ಕಳೆದ ಒಂದು ವಾರದಲ್ಲಿ’ ಎಂಬ ಚೌಕಟ್ಟು ಸ್ಪಷ್ಟ. ಭಾರವಾದ ಚೀಲ ಎತ್ತಲು ಕಷ್ಟವೇ, ದೂರ ನಡೆಯಲು ಆಗುತ್ತದೆಯೇ ಎಂದು ಶುರುವಾಗಿ ಊಟ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ನೋವು, ನಿದ್ರೆ, ವಾಕರಿಕೆ, ಮಲಬದ್ಧತೆಗೆ ಬರುತ್ತದೆ. ಮೂವತ್ತರಲ್ಲಿ ನಾಲ್ಕು ಪ್ರಶ್ನೆಗಳು ಮನಸ್ಸಿನ ಕುರಿತಾದವು: ಬಿಗುವು, ಚಿಂತೆ, ಸಿಡುಕು, ಖಿನ್ನತೆ. ಆಮೇಲೆ ಕುಟುಂಬ ಜೀವನಕ್ಕೆ, ಹೊರಗಿನ ಒಡನಾಟಕ್ಕೆ ತೊಂದರೆಯಾಯಿತೇ ಎಂದು ಒಂದೊಂದು ಪ್ರಶ್ನೆ. ಹಣದ ತೊಂದರೆಯ ಬಗ್ಗೆ ಒಂದು. ಕೊನೆಯ ಎರಡು ಪ್ರಶ್ನೆಗಳು ಒಟ್ಟು ಆರೋಗ್ಯಕ್ಕೆ ಮತ್ತು ಒಟ್ಟು ಬದುಕಿಗೆ ಒಂದರಿಂದ ಏಳರವರೆಗೆ ಅಂಕ ಕೊಡಲು ಹೇಳುತ್ತವೆ.

ಇಲ್ಲಿ ತೂಕ ಎಲ್ಲಿ ಬಿದ್ದಿದೆ ನೋಡಿ. ಶರೀರಕ್ಕೆ ಸಿಂಹಪಾಲು. ಹಣಕ್ಕೆ ಮೂವತ್ತರಲ್ಲಿ ಒಂದು ಪಾಲು. ಪಶ್ಚಿಮ ಯುರೋಪಿನಲ್ಲಿ ಕುಳಿತು ಬರೆದವರಿಗೆ ಇದು ಸಹಜ. ನಮ್ಮ ಎನ್‌ಎಚ್‌ಎಸ್‌ನಲ್ಲಿ ಕೀಮೋಗೆ ಬಿಲ್ಲು ಬರುವುದಿಲ್ಲ. ಸಂಬಳ ನಿಂತುಹೋಗುವುದು, ಓಡಾಟದ ಖರ್ಚು, ಕಾರ್ ಪಾರ್ಕಿಂಗ್ ಇವು ಮುಖ್ಯ ತಾಪತ್ರಯ. ಹಾವೇರಿಯ ಕಡೆಯಿಂದ ಬಸ್ಸು ಹತ್ತಿ ಬೆಂಗಳೂರಿಗೆ ಬಂದು, ಆಸ್ಪತ್ರೆಯ ಹತ್ತಿರ ಕೋಣೆ ಹಿಡಿದು, ಆರು ವಾರ ರೇಡಿಯೇಷನ್ ಮುಗಿಸಿಕೊಂಡು ಹೋಗುವ ರೈತನಿಗೆ ಹಣವೆಂಬುದು ಮೂವತ್ತನೆಯ ಒಂದು ಭಾಗವಲ್ಲ. ಚಿಕಿತ್ಸೆಗೆ ಸರ್ಕಾರದ ಯೋಜನೆ ಇದ್ದರೂ ಬಿತ್ತನೆ ತಪ್ಪಿದ ಹಂಗಾಮಿಗೆ, ಜೊತೆಗೆ ಬಂದ ಮಗನ ಕೂಲಿಗೆ ಯೋಜನೆ ಇಲ್ಲ. ಅವನ ಸಿಡುಕು, ಚಿಂತೆ, ನಿದ್ರೆಗೇಡು ಎಲ್ಲದರ ಬೇರೂ ಅಲ್ಲೇ ಇರಬಹುದು. ಪ್ರಶ್ನಾವಳಿ ಅವನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಎಣಿಸುತ್ತದೆ.

ಈ ವಿಚಾರವನ್ನು ನಮ್ಮವರು ಯೋಚಿಸಿಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸಂತೋಷ್ ಚತುರ್ವೇದಿ ಅವರು ಕ್ಯಾನ್ಸರಿಗೆ ಸಂಬಂಧಿಸಿ ಭಾರತೀಯರಿಗೆ ಜೀವನ ಗುಣಮಟ್ಟವೆಂದರೆ ಏನು ಮುಖ್ಯ ಎಂಬ ಪ್ರಶ್ನೆಯನ್ನೇ ಎತ್ತಿಕೊಂಡು 1991ರಲ್ಲಿ ‘ಸೋಷಿಯಲ್ ಸೈನ್ಸ್ ಅಂಡ್ ಮೆಡಿಸಿನ್’ ಪತ್ರಿಕೆಯಲ್ಲಿ ಬರೆದರು. ಇಸವಿಯನ್ನು ಗಮನಿಸಿ, ಮೇಲಿನ ಎರಡೂ ಪ್ರಶ್ನಾವಳಿಗಳು ಪ್ರಕಟವಾಗುವುದಕ್ಕೆ ಎರಡು ವರ್ಷ ಮೊದಲು. ಜನ ಮುಂದಿಟ್ಟದ್ದು ಮನಶ್ಶಾಂತಿ, ಆಧ್ಯಾತ್ಮಿಕ ತೃಪ್ತಿ, ಮನೆಯವರ ನಡುವಿನ ನೆಮ್ಮದಿ ಇಂಥವನ್ನು. ದೇಹದ ಶಕ್ತಿ ಸಾಮರ್ಥ್ಯಗಳು ಅವುಗಳ ಹಿಂದೆ ಬಂದವು. ‘ನೆಮ್ಮದಿ’ಗೆ ಇಂಗ್ಲಿಷಿನಲ್ಲಿ ಸರಿಸಾಟಿಯಾದ ಒಂದು ಪದ ನನಗೆ ಇಷ್ಟು ವರ್ಷದಲ್ಲಿ ಸಿಕ್ಕಿಲ್ಲ. ಅದು ಸಂತೋಷವಲ್ಲ. ನೋವಿಲ್ಲದಿರುವುದೂ ಅಲ್ಲ. ನೋವಿದ್ದೂ ನೆಮ್ಮದಿ ಇರಬಹುದು. ಮಗಳ ಮದುವೆ ಮುಗಿದ ಮೇಲೆ ಹಾಸಿಗೆ ಹಿಡಿದ ಎಷ್ಟು ತಂದೆಯರನ್ನು ನಾವು ಕಂಡಿಲ್ಲ! ಅವರಿಗೆ ಕ್ಯುಎಲ್‌ಕ್ಯು-ಸಿ30 ಕೊಟ್ಟರೆ ಶರೀರದ ಪ್ರಶ್ನೆಗಳಲ್ಲಿ ಪಾತಾಳ, ಕೊನೆಯ ಪ್ರಶ್ನೆಯಲ್ಲಿ ಏಳಕ್ಕೆ ಆರು. ಕಾಯಿಲೆಯ ಜೊತೆ ಬದುಕುತ್ತಾ ಮನುಷ್ಯ ತನ್ನ ಅಳತೆಗೋಲನ್ನೇ ಬದಲಾಯಿಸಿಕೊಳ್ಳುವ ಈ ಸಂಗತಿಗೆ ಸಂಶೋಧಕರು ‘ರೆಸ್ಪಾನ್ಸ್ ಶಿಫ್ಟ್’ ಎಂದು ಹೆಸರಿಟ್ಟಿದ್ದಾರೆ. ಲೆಕ್ಕ ಮಾಡುವವರಿಗೆ ಇದು ತಲೆನೋವು. ನನ್ನ ಕಣ್ಣಿಗೆ ಇದು ಆ ಕೊನೆಯ ಪ್ರಶ್ನೆಯ ಸಾರ್ಥಕತೆ.

ಈಗ ಖಿನ್ನತೆಗೆ ಬರೋಣ. ಇಲ್ಲಿ ಪ್ರಶ್ನಾವಳಿ ತಪ್ಪಿದರೆ ಕಳೆದುಹೋಗುವುದು ಅಂಕಿಯೊಂದೇ ಅಲ್ಲ, ಚಿಕಿತ್ಸೆ.

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಜಿಗ್ಮಂಡ್ ಮತ್ತು ಸ್ನೇತ್ ಎಂಬ ಇಬ್ಬರು 1983ರಲ್ಲಿ ಹ್ಯಾಡ್ಸ್ ಎಂಬ ಪ್ರಶ್ನಾವಳಿಯನ್ನು ತಂದರು. ಹದಿನಾಲ್ಕು ಪ್ರಶ್ನೆಗಳು, ಏಳು ಆತಂಕಕ್ಕೆ, ಏಳು ಖಿನ್ನತೆಗೆ. ಪ್ರತಿಯೊಂದು ಭಾಗಕ್ಕೂ ಗರಿಷ್ಠ 21 ಅಂಕ; 8 ಮುಟ್ಟಿದರೆ ಅನುಮಾನ, 11 ಮುಟ್ಟಿದರೆ ಬಲವಾದ ಅನುಮಾನ. ಇದರ ಜಾಣತನ ಎಲ್ಲಿದೆಯೆಂದರೆ, ನಿದ್ರೆ, ಹಸಿವು, ತೂಕ, ಸುಸ್ತುಗಳನ್ನು ಬೇಕೆಂದೇ ಹೊರಗಿಟ್ಟರು. ಕೀಮೋ ತೆಗೆದುಕೊಳ್ಳುವವರಿಗೆ ಹಸಿವಿಲ್ಲ, ಸುಸ್ತಿದೆ ಎಂದರೆ ಅದು ಖಿನ್ನತೆಯಿಂದಲೋ ಔಷಧಿಯಿಂದಲೋ ಹೇಳುವುದು ಹೇಗೆ? ಹಾಗಾಗಿ ಅವರು ಮುಖ್ಯವಾಗಿ ಹಿಡಿದದ್ದು ಸುಖವನ್ನು ಅನುಭವಿಸುವ ಶಕ್ತಿ ಉಳಿದಿದೆಯೇ ಎಂಬುದನ್ನು. ಮೊದಲು ಖುಷಿ ಕೊಡುತ್ತಿದ್ದುದು ಈಗಲೂ ಕೊಡುತ್ತದೆಯೇ, ನಗುವಂಥದ್ದನ್ನು ಕಂಡರೆ ನಗು ಬರುತ್ತದೆಯೇ, ಒಳ್ಳೆಯ ಪುಸ್ತಕ ಅಥವಾ ರೇಡಿಯೋ ಟಿವಿ ಕಾರ್ಯಕ್ರಮವನ್ನು ಸವಿಯಬಲ್ಲಿರಾ ಎಂಬ ಧಾಟಿಯ ಪ್ರಶ್ನೆಗಳು. 2001ರಲ್ಲಿ ಅಮೆರಿಕದಲ್ಲಿ ಬಂದ ಪಿಎಚ್‌ಕ್ಯು-9 ಇದಕ್ಕೆ ವಿರುದ್ಧ ದಾರಿ ಹಿಡಿಯಿತು. ಅದರ ಒಂಬತ್ತು ಪ್ರಶ್ನೆಗಳಲ್ಲಿ ನಿದ್ರೆ, ಸುಸ್ತು, ಹಸಿವು, ಚಲನೆಯ ಮಂದಗತಿ ಎಲ್ಲವೂ ಇವೆ. ಕೀಮೋ ನಡೆಯುವಾಗ ಮನಸ್ಸು ಗಟ್ಟಿಯಿರುವ ಮನುಷ್ಯನಿಗೂ ಇವುಗಳಿಂದಲೇ ಏಳೆಂಟು ಅಂಕ ಬಂದುಬಿಡಬಹುದು. 10ಕ್ಕೆ ಖಿನ್ನತೆಯ ಗೆರೆ.

ಸಿದ್ಧಾಂತದಲ್ಲಿ ಹ್ಯಾಡ್ಸ್ ಮೇಲು. ಆದರೆ ಕನ್ನಡದ ರೋಗಿಯ ಮುಂದೆ ಇಟ್ಟಾಗ ಒಂದು ವಿಪರ್ಯಾಸ ಎದುರಾಗುತ್ತದೆ. ನಮ್ಮ ಜನ, ಅದರಲ್ಲೂ ಹಿರಿಯರು, ಮನಸ್ಸಿನ ಸಂಕಟವನ್ನು ಹೇಳುವುದೇ ಶರೀರದ ಮಾತಿನಲ್ಲಿ. ‘ಎದೆ ಭಾರ’, ‘ಹೊಟ್ಟೆಯಲ್ಲಿ ಸಂಕಟ’, ‘ಊಟ ಗಂಟಲಲ್ಲಿ ಇಳಿಯೋಲ್ಲ’, ‘ಕೈಕಾಲಲ್ಲಿ ಜೀವ ಇಲ್ಲ’, ‘ತಲೆಯೆಲ್ಲ ಒಂಥರಾ’. ಶರೀರದ ಮಾತನ್ನು ಹೊರಗಿಟ್ಟರೆ ಅವರ ಖಿನ್ನತೆಯೇ ಹೊರಗುಳಿಯುತ್ತದೆ. ಒಳಗೆ ಬಿಟ್ಟರೆ ಕೀಮೋ ಬಂದು ಸೇರಿಕೊಳ್ಳುತ್ತದೆ. ಇದಕ್ಕೆ ಪ್ರಶ್ನಾವಳಿಯ ಒಳಗೆ ಪರಿಹಾರವಿಲ್ಲ.

ಭಾಷಾಂತರದ ಕಥೆ ಇನ್ನೂ ರಸವತ್ತಾಗಿದೆ. ಹ್ಯಾಡ್ಸ್‌ನ ಆತಂಕದ ಒಂದು ಪ್ರಶ್ನೆಯಲ್ಲಿ ಹೊಟ್ಟೆಯೊಳಗೆ ಚಿಟ್ಟೆಗಳು ಹಾರಾಡುವ ಇಂಗ್ಲಿಷ್ ನುಡಿಗಟ್ಟು ಇದೆ. ಚಿಟ್ಟೆಯನ್ನು ಹಾಗೆಯೇ ಕನ್ನಡಕ್ಕೆ ತಂದರೆ ಹೊಟ್ಟೆಯ ಕ್ಯಾನ್ಸರ್ ಇರುವವರು ಗಾಬರಿಯಿಂದ ಸ್ಕ್ಯಾನ್ ಮಾಡಿಸಿ ಎಂದಾರು. ‘ಎದೆ ಡವಗುಟ್ಟುತ್ತದೆ’ ಅಂದರೆ ಅರ್ಥವಾಗುತ್ತದೆ, ಆದರೆ ಚಿಟ್ಟೆಯ ಲಘುತ್ವ ಹೋಗಿ ಹೃದ್ರೋಗದ ವಾಸನೆ ಬರುತ್ತದೆ. ಅದಕ್ಕಿಂತ ದೊಡ್ಡ ತೊಡಕು ‘ಡಿಪ್ರೆಸ್ಡ್’ ಎಂಬ ಒಂದೇ ಪದ. ‘ಖಿನ್ನತೆ’ ಎಂಬುದು ಪುಸ್ತಕದ ಮಾತು. ಪತ್ರಿಕೆಯ ಆರೋಗ್ಯ ಪುಟದಲ್ಲಿ ಓದಿದವರಿಗೆ ಅದು ರೋಗದ ಹೆಸರು, ಓದದವರಿಗೆ ಏನೂ ಅಲ್ಲ. ‘ಬೇಜಾರು’ ಎನ್ನೋಣವೇ? ಬಸ್ಸು ಬಾರದಿದ್ದರೂ ಬೇಜಾರು, ಮಗ ಫೋನ್ ಮಾಡದಿದ್ದರೂ ಬೇಜಾರು, ಧಾರಾವಾಹಿ ಎಳೆದರೂ ಬೇಜಾರು, ಗಂಡ ಸತ್ತರೂ ಬೇಜಾರು. ಕಳೆದ ವಾರ ಬೇಜಾರಾಗಿತ್ತೇ ಎಂದು ಕೇಳಿದರೆ ಆಗಿಲ್ಲವೆನ್ನುವ ಕನ್ನಡಿಗ ಉಂಟೇ? ‘ದುಃಖ’ ಎಂದರೆ ಕಾರಣವಿರುವ, ಸಾವು ನೋವಿನ ಮಾತಾಗುತ್ತದೆ. ನನ್ನ ಮಟ್ಟಿಗೆ ಅತ್ಯಂತ ಹತ್ತಿರ ಬರುವುದು ‘ಮಂಕು’. ಮಂಕು ಕವಿಯಿತು, ಮಂಕಾಗಿ ಕೂತಿದ್ದಾರೆ. ದೀಪದ ಬೆಳಕು ಕುಂದಿದ ಹಾಗೆ. ಆದರೆ ತಮಾಷೆ ನೋಡಿ, ‘ನಾನು ಮಂಕಾಗಿದ್ದೇನೆ’ ಎಂದು ಯಾರೂ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವುದಿಲ್ಲ. ಅದು ಪಕ್ಕದಲ್ಲಿರುವವರು ನೋಡಿ ಹೇಳುವ ಮಾತು. ತನ್ನ ಬಗ್ಗೆ ಹೇಳುವಾಗ ‘ಯಾವುದರಲ್ಲೂ ಮನಸ್ಸಿಲ್ಲ’, ‘ಏನೂ ಬೇಡ ಅನ್ನಿಸುತ್ತೆ’ ಎನ್ನುತ್ತಾರೆ. ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ಬರುತ್ತದೆ.

ಪಕ್ಕದಲ್ಲಿರುವವರು ನೋಡಿ ಹೇಳುವುದಕ್ಕೂ ವೈದ್ಯಶಾಸ್ತ್ರದಲ್ಲಿ ಬೆಲೆ ಇದೆ. 1984ರಲ್ಲಿ ಜೀನ್ ಎಂಡಿಕಾಟ್ ಎಂಬ ಮನಶ್ಶಾಸ್ತ್ರಜ್ಞೆ ಕ್ಯಾನ್ಸರ್ ರೋಗಿಗಳಲ್ಲಿ ಹಸಿವು, ನಿದ್ರೆ, ಸುಸ್ತು, ಏಕಾಗ್ರತೆಗಳ ಲಕ್ಷಣಗಳನ್ನು ಬಿಟ್ಟು ಅವುಗಳ ಜಾಗದಲ್ಲಿ ನಾಲ್ಕನ್ನು ಇಡಬಹುದು ಎಂದು ಸೂಚಿಸಿದರು: ಕುಗ್ಗಿದ ಮುಖ ಅಥವಾ ಕಣ್ಣೀರು, ಜನರಿಂದ ದೂರ ಸರಿಯುವುದು, ಅದನ್ನೇ ಕೊರಗಿ ಕೊರಗಿ ಕೂರುವುದು, ಮತ್ತು ಯಾವುದರಿಂದಲೂ ಮುಖ ಅರಳದಿರುವುದು. ಈ ಕೊನೆಯದನ್ನು ನಾನು ಎಲ್ಲ ಪ್ರಶ್ನಾವಳಿಗಳಿಗಿಂತ ಮೇಲೆ ಇಡುತ್ತೇನೆ. ಕಾಯಿಲೆಯ ಬಗ್ಗೆ ದುಃಖಪಡುತ್ತಿರುವ ಅಜ್ಜಿ ಮೊಮ್ಮಗು ಓಡಿಬಂದಾಗ ಒಂದು ಕ್ಷಣ ಅರಳುತ್ತಾರೆ. ಖಿನ್ನತೆಯಲ್ಲಿರುವ ಅಜ್ಜಿ ಅರಳುವುದಿಲ್ಲ; ಮಗುವಿನ ತಲೆ ಸವರುವ ಕೈ ಮಾತ್ರ ಅಭ್ಯಾಸಬಲದಿಂದ ಆಡುತ್ತದೆ. ಇದನ್ನು ನೋಡಲು ವೈದ್ಯರಾಗಬೇಕಿಲ್ಲ.

ಪ್ರಶ್ನಾವಳಿ ಊಹಿಸಿಕೊಂಡ ಓದುಗನ ಮಾತಿಗೆ ಮತ್ತೆ ಬರುತ್ತೇನೆ. ಅವನು ಒಬ್ಬಂಟಿ. ಅಕ್ಷರ ಬಲ್ಲವನು. ತನಗೆ ಯಾವ ಕಾಯಿಲೆ ಎಂದು ಅವನಿಗೆ ಗೊತ್ತು. ತನ್ನ ಒಳಗನ್ನು ಅಪರಿಚಿತರಿಗೆ ಅಂಕಿಗಳಲ್ಲಿ ಹೇಳುವುದು ಅವನಿಗೆ ಸಹಜ. ಈಗ ನಮ್ಮ ಸಂಘದ ಕುಟುಂಬಗಳಲ್ಲಿ ನಡೆಯುವುದನ್ನು ನೆನೆಯಿರಿ. ಊರಿನಿಂದ ಬಂದು ಮಕ್ಕಳ ಜೊತೆ ನೆಲೆಸಿದ ತಾಯಿ, ಇಂಗ್ಲಿಷ್ ಅಷ್ಟಕ್ಕಷ್ಟೆ. ಪಕ್ಕದಲ್ಲಿ ಮಗ ಕೂತು ಭಾಷಾಂತರ ಮಾಡುತ್ತಾನೆ. ನರ್ಸ್ ಓದುವುದು: ಕಳೆದ ವಾರ ನಿಮಗೆ ಖಿನ್ನತೆ ಅನ್ನಿಸಿತೇ, ಸ್ವಲ್ಪವೂ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ? ಮಗ ಕೇಳುವುದು: ‘ಅಮ್ಮಾ, ಚೆನ್ನಾಗಿದ್ದೀಯ ತಾನೇ ಅಂತ ಕೇಳ್ತಿದ್ದಾರೆ.’ ಅಮ್ಮ ಮಗನ ಮುಖ ನೋಡಿ ಹೇಳುವುದು: ‘ಹೂಂ, ಚೆನ್ನಾಗಿದ್ದೀನಿ ಅಂತ ಹೇಳಪ್ಪ. ನೀನು ಊಟ ಮಾಡಿದೆಯಾ?’ ‘ಸ್ವಲ್ಪವೂ ಇಲ್ಲ’ ಎಂಬಲ್ಲಿ ಗುರುತು ಬೀಳುತ್ತದೆ. ಈ ಗುರುತು ಕಂಪ್ಯೂಟರಿಗೆ ಹೋಗಿ ಸೊನ್ನೆಯಿಂದ ನೂರರವರೆಗಿನ ಅಳತೆಯಲ್ಲಿ ಸುಂದರವಾದ ಅಂಕಿಯಾಗುತ್ತದೆ. ಅಲ್ಲಿ ಅಳೆದದ್ದು ತಾಯಿಯ ಮನಸ್ಸನ್ನಲ್ಲ, ತಾಯಿ ಮಗನ ನಡುವಿನ ಪ್ರೀತಿಯನ್ನು.

ಫ್ಯಾಕ್ಟ್-ಜಿಯಲ್ಲಿ ದಾಂಪತ್ಯದ ಲೈಂಗಿಕ ತೃಪ್ತಿಯ ಬಗ್ಗೆ ಒಂದು ಪ್ರಶ್ನೆ ಇದೆ. ಬೇಡವಾದರೆ ಬಿಡಬಹುದು ಎಂಬ ಸೌಜನ್ಯವೂ ಜೊತೆಗಿದೆ. ಅದನ್ನು ಮಗನ ಮೂಲಕ ತಾಯಿಗೆ ಕೇಳಿಸುವ ದೃಶ್ಯವನ್ನು ಓದುಗರ ಕಲ್ಪನೆಗೇ ಬಿಡುತ್ತೇನೆ. ನಗು ಬಂದರೆ ನಗಿ. ಆದರೆ ಪಿಎಚ್‌ಕ್ಯು-9ರ ಒಂಬತ್ತನೆಯ ಪ್ರಶ್ನೆ ನಗುವ ವಿಷಯವಲ್ಲ. ಸತ್ತರೆ ಮೇಲು ಎಂಬ ಯೋಚನೆ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂದು ಅದು ಕೇಳುತ್ತದೆ. ಯಾವ ತಾಯಿ ಮಗಳ ಎದುರು, ಮಗಳ ಬಾಯಿಂದಲೇ ಬಂದ ಈ ಪ್ರಶ್ನೆಗೆ ಹೌದು ಎಂದಾಳು? ಇನ್ನೊಂದು ತೊಡಕೂ ಇದೆ. ‘ದೇವರು ಬೇಗ ಕರೆದುಕೊಂಡರೆ ಸಾಕು’ ಎಂಬುದು ನಮ್ಮ ಹಿರಿಯರ ನಿತ್ಯದ ಮಾತು. ಮಂಡಿ ನೋವಿಗೂ ಹೇಳುತ್ತಾರೆ. ಇಲ್ಲಿನ ವೈದ್ಯರು ಇದನ್ನು ಕೇಳಿ ಆತ್ಮಹತ್ಯೆಯ ಸೂಚನೆಯೆಂದು ತುರ್ತು ಕರೆ ಮಾಡಿದರೆ ಒಂದು ಅನಾಹುತ; ನಮ್ಮವರು ಇದನ್ನು ‘ಅವರು ಯಾವಾಗಲೂ ಹಾಗೇ ಹೇಳೋದು’ ಎಂದು ತಳ್ಳಿಹಾಕಿದರೆ ಅದಕ್ಕಿಂತ ದೊಡ್ಡ ಅನಾಹುತ. ಮಾತು ಹಳೆಯದೇ ಆದರೂ ಧ್ವನಿ ಬದಲಾಗಿದೆಯೇ? ಮೊದಲು ಹೇಳಿ ನಗುತ್ತಿದ್ದರು, ಈಗ ಹೇಳಿ ಸುಮ್ಮನಾಗುತ್ತಾರೆಯೇ? ‘ನಿಮಗೆಲ್ಲ ಭಾರವಾದೆ’ ಎಂಬುದು ಅದರ ಜೊತೆಗೆ ಸೇರಿಕೊಂಡಿದೆಯೇ? ಈ ವ್ಯತ್ಯಾಸ ಯಾವ ಚೌಕದಲ್ಲೂ ಗುರುತಾಗುವುದಿಲ್ಲ.

ಕಾಯಿಲೆಯ ಹೆಸರನ್ನೇ ಮುಚ್ಚಿಟ್ಟಿರುವ ಮನೆಗಳಲ್ಲಂತೂ ಪ್ರಶ್ನಾವಳಿಯ ಬುನಾದಿಯೇ ಇರುವುದಿಲ್ಲ. ‘ಗೊತ್ತಾದರೆ ಎದೆ ಒಡೆದುಕೊಳ್ತಾರೆ ಡಾಕ್ಟ್ರೇ, ಹೇಳಬೇಡಿ’ ಎಂಬ ಮಾತನ್ನು ನಾನು ಎರಡೂ ದೇಶಗಳಲ್ಲಿ ಕೇಳಿದ್ದೇನೆ. ಹಿಂದೆ ‘ಏಡಿಗಂತಿ’ ಎಂಬ ಹೆಸರನ್ನು ಮನೆಯೊಳಗೆ ಜೋರಾಗಿ ಹೇಳುತ್ತಿರಲಿಲ್ಲ. ಈಗ ‘ಗಡ್ಡೆ’, ‘ಇನ್ಫೆಕ್ಷನ್’, ‘ಹುಣ್ಣು’ ಎನ್ನುತ್ತೇವೆ. ಇದನ್ನು ಕ್ರೌರ್ಯವೆಂದು ಬೈಯುವ ಪಾಶ್ಚಾತ್ಯ ವಿಮರ್ಶಕರ ಜೊತೆ ನಾನಿಲ್ಲ. ಅದರ ಹಿಂದಿರುವುದು ಅಕ್ಕರೆ. ಆದರೆ ಕೂದಲು ಉದುರಿ, ವಾರ್ಡಿನಲ್ಲಿ ಅಕ್ಕಪಕ್ಕದವರನ್ನು ನೋಡಿ, ಬೋರ್ಡಿನ ಮೇಲೆ ಆಂಕಾಲಜಿ ಎಂದು ಓದಿದ ಮೇಲೂ ತನಗೆ ಏನಾಗಿದೆಯೆಂದು ತಿಳಿಯದಿರುವಷ್ಟು ನಮ್ಮ ಹಿರಿಯರು ದಡ್ಡರಲ್ಲ. ಅವರಿಗೂ ಗೊತ್ತು, ಮನೆಯವರಿಗೂ ಗೊತ್ತು, ಇಬ್ಬರೂ ಗೊತ್ತಿಲ್ಲದಂತೆ ನಡೆಸುವ ನಾಟಕದಲ್ಲಿ ರೋಗಿ ಒಬ್ಬಂಟಿಯಾಗುತ್ತಾರೆ. ಆ ಒಂಟಿತನ ಕಾಯಿಲೆಗಿಂತ ಮುಂಚೆಯೇ ಮನುಷ್ಯನನ್ನು ತಿನ್ನುತ್ತದೆ.

ಇಷ್ಟೆಲ್ಲ ದೋಷ ಹೇಳಿದ ಮೇಲೆ ಪ್ರಶ್ನಾವಳಿಗಳನ್ನು ಬಿಸಾಡಬೇಕೆ? ಖಂಡಿತ ಬೇಡ. ಅವು ಇಲ್ಲದಿದ್ದರೆ ಕೆಲವು ಮುಖ್ಯ ಸತ್ಯಗಳು ನಮಗೆ ತಿಳಿಯುತ್ತಲೇ ಇರಲಿಲ್ಲ. ಮೊದಲನೆಯದು, ಕ್ಯಾನ್ಸರ್ ಬಂದವರೆಲ್ಲ ಖಿನ್ನತೆಗೆ ಬೀಳುವುದಿಲ್ಲ. ಅಲೆಕ್ಸ್ ಮಿಚೆಲ್ ಮತ್ತು ಸಂಗಡಿಗರು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಸರಿಯಾದ ಸಂದರ್ಶನದ ಮೂಲಕ ಗುರುತಿಸಿದ ಖಿನ್ನತೆ ಸುಮಾರು ಶೇಕಡಾ 16. ಆರು ಜನರಲ್ಲಿ ಒಬ್ಬರು. ಹಾಗಾಗಿ ‘ಇಂಥ ಕಾಯಿಲೆ ಬಂದಮೇಲೆ ಬೇಜಾರಾಗದೆ ಇರುತ್ತದೆಯೇ, ಅದೆಲ್ಲ ಇದ್ದದ್ದೇ’ ಎಂಬ ನಮ್ಮ ಸಮಾಧಾನದ ಮಾತು ಅರ್ಧ ಸತ್ಯ. ಬೇಜಾರು ಎಲ್ಲರಿಗೂ, ಖಿನ್ನತೆ ಆ ಒಬ್ಬರಿಗೆ, ಮತ್ತು ಆ ಒಬ್ಬರಿಗೆ ಚಿಕಿತ್ಸೆ ಇದೆ. ಎರಡನೆಯದು, ಅವರಿಗೆ ಆ ಚಿಕಿತ್ಸೆ ಸಿಗುತ್ತಿಲ್ಲ. ಸ್ಕಾಟ್ಲೆಂಡಿನ ಕ್ಯಾನ್ಸರ್ ಕ್ಲಿನಿಕ್ಕುಗಳಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ವರದಿಯಂತೆ, ತೀವ್ರ ಖಿನ್ನತೆ ಇದ್ದವರಲ್ಲಿ ಶೇಕಡಾ 73ರಷ್ಟು ಮಂದಿಗೆ ಪರಿಣಾಮಕಾರಿ ಚಿಕಿತ್ಸೆಯೇ ನಡೆಯುತ್ತಿರಲಿಲ್ಲ. ಇಂಗ್ಲಿಷ್ ಮಾತಾಡುವ, ತಮ್ಮ ಕಾಯಿಲೆಯ ಹೆಸರು ಬಲ್ಲ, ಉಚಿತ ವೈದ್ಯಸೇವೆ ಇರುವ ದೇಶದ ಜನರ ಗತಿ ಇದು. ನಮ್ಮ ಅಮ್ಮಂದಿರ ಮಾತು ಬೇರೆ ಹೇಳಬೇಕೆ?

ಅದೇ ಸ್ಕಾಟ್ಲೆಂಡಿನ ಇನ್ನೊಂದು ಪ್ರಯೋಗ, ಅದೇ ವರ್ಷದ್ದು, ನನಗೆ ತುಂಬ ಭರವಸೆ ಕೊಟ್ಟಿತು. ಕ್ಯಾನ್ಸರ್ ಮತ್ತು ಖಿನ್ನತೆ ಎರಡೂ ಇದ್ದ 500 ಜನರಲ್ಲಿ ಅರ್ಧ ಜನರಿಗೆ ಎಂದಿನ ಆರೈಕೆ, ಉಳಿದವರಿಗೆ ತರಬೇತಿ ಪಡೆದ ಕ್ಯಾನ್ಸರ್ ನರ್ಸುಗಳು ಮತ್ತು ಮನೋವೈದ್ಯರು ಸೇರಿ ನಡೆಸಿದ ಕ್ರಮಬದ್ಧ ಆರೈಕೆ. ಆರು ತಿಂಗಳ ಹೊತ್ತಿಗೆ ಖಿನ್ನತೆ ಅರ್ಧಕ್ಕರ್ಧ ಇಳಿದವರು ಎರಡನೆಯ ಗುಂಪಿನಲ್ಲಿ ಶೇಕಡಾ 62, ಮೊದಲನೆಯದರಲ್ಲಿ 17. ಕ್ಯಾನ್ಸರ್ ಔಷಧಿಗಳ ಪ್ರಯೋಗದಲ್ಲಿ ಇಂಥ ಅಂತರ ಬಂದರೆ ಮುಖಪುಟದ ಸುದ್ದಿಯಾಗುತ್ತಿತ್ತು. ಬಾಸ್ಟನ್ನಿನಲ್ಲಿ ಜೆನಿಫರ್ ಟೆಮೆಲ್ ಅವರ ತಂಡ 2010ರಲ್ಲಿ ತೋರಿಸಿದ್ದೂ ಇದೇ ಜಾತಿಯದು: ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಮೊದಲಿನಿಂದಲೇ ಉಪಶಾಮಕ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್, ಜೊತೆಗೆ ಕೊಟ್ಟಾಗ ಖಿನ್ನತೆಯ ಲಕ್ಷಣಗಳಿದ್ದವರು ಶೇಕಡಾ 16, ಕೊಡದಿದ್ದವರಲ್ಲಿ 38. ಆಯಸ್ಸೂ ಸರಾಸರಿ ಎರಡೂವರೆ ತಿಂಗಳಿಗಿಂತ ಹೆಚ್ಚು ಸಿಕ್ಕಿತು. ಇದನ್ನೆಲ್ಲ ಅಳೆದದ್ದು ನಾನು ಇಷ್ಟು ಹೊತ್ತು ಬೈದ ಹ್ಯಾಡ್ಸ್‌ನಂಥ ಪ್ರಶ್ನಾವಳಿಗಳಿಂದಲೇ. ಉಪಶಾಮಕ ಆರೈಕೆ ಎಂದರೆ ‘ಕೈಚೆಲ್ಲಿದರು’ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಊರಿನಲ್ಲಿ ತಂದೆ ತಾಯಿ ಇರುವವರು ತಿಳಿದಿರಲಿ, ಬೆಂಗಳೂರಿನಲ್ಲಿ ಕರುಣಾಶ್ರಯ 1999ರಿಂದ ಈ ಆರೈಕೆಯನ್ನು ಉಚಿತವಾಗಿ ಕೊಡುತ್ತಿದೆ.

‘ಪಾಸಿಟಿವ್ ಆಗಿರಿ, ಮನಸ್ಸಿನಿಂದಲೇ ಕ್ಯಾನ್ಸರ್ ಗೆಲ್ಲಬಹುದು’ ಎಂಬ ವಾಟ್ಸಾಪ್ ಉಪದೇಶದ ಬಗ್ಗೆ ಎರಡು ಮಾತು. ಇದಕ್ಕೂ ಒಂದು ವಂಶಾವಳಿ ಇದೆ. 1989ರಲ್ಲಿ ಡೇವಿಡ್ ಸ್ಪೀಗೆಲ್ ಅವರು ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರಲ್ಲಿ, ಗುಂಪು ಸಮಾಲೋಚನೆಗೆ ಬಂದವರು ಸುಮಾರು ಎರಡು ಪಟ್ಟು ಕಾಲ ಬದುಕಿದರೆಂದು ಬರೆದರು. ಲೋಕವೆಲ್ಲ ಹಿಗ್ಗಿತು. 2001ರಲ್ಲಿ ಪಮೇಲಾ ಗುಡ್ವಿನ್ ಅವರ ತಂಡ 235 ಮಹಿಳೆಯರಲ್ಲಿ ಅದನ್ನೇ ಮತ್ತೆ ಮಾಡಿ ನೋಡಿತು. ಆಯಸ್ಸು ಹೆಚ್ಚಲಿಲ್ಲ, ಆದರೆ ಮನಸ್ಸಿನ ಸಂಕಟ ಮತ್ತು ನೋವು ಕಡಿಮೆಯಾದವು. ನನಗೆ ಎರಡನೆಯ ಫಲಿತಾಂಶ ಮೊದಲನೆಯದಕ್ಕಿಂತ ಮಾನವೀಯವೆನಿಸುತ್ತದೆ. ನೆಮ್ಮದಿಗೆ ಅದರದೇ ಬೆಲೆ ಇದೆ, ಆಯಸ್ಸಿನ ಕಮಿಷನ್ ಬೇಡ. ಉಪದೇಶ ಕೇಳಿದ ರೋಗಿಯಾದರೋ ಗಡ್ಡೆ ಬೆಳೆದಾಗ ‘ನಾನು ಸಾಕಷ್ಟು ಪಾಸಿಟಿವ್ ಆಗಿರಲಿಲ್ಲವೇನೋ’ ಎಂದು ತನ್ನನ್ನೇ ದೂರಿಕೊಳ್ಳುತ್ತಾನೆ. ಕರ್ಮ, ಹಣೆಬರಹಗಳ ಜೊತೆಗೆ ಇದೂ ಒಂದು ಹೊಸ ಪಾಪ ಸೇರಿದಂತಾಯಿತು.

ಚಿಕಿತ್ಸೆಯ ವಿವರ ಇಲ್ಲಿ ಬೇಡ. ಒಂದೆರಡು ಎಚ್ಚರಿಕೆಗಳು ಸಾಕು. ಮಂಕು ಕವಿದಂತೆ ಕಾಣುವುದೆಲ್ಲ ಖಿನ್ನತೆಯಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿದ್ದರೆ, ಥೈರಾಯ್ಡ್ ಕುಂದಿದ್ದರೆ, ರಕ್ತಹೀನತೆ ಇದ್ದರೆ, ಕೀಮೋ ಜೊತೆ ಕೊಡುವ ಸ್ಟೀರಾಯ್ಡ್ ಏರಿಳಿದರೆ ಕೂಡ ಹಾಗೆಯೇ ಕಾಣಬಹುದು. ಒಂದೆರಡು ದಿನದಲ್ಲಿ ಥಟ್ಟನೆ ಮೌನವಾಗಿ, ಹಗಲು ರಾತ್ರಿ ಅದಲುಬದಲಾಗಿ, ಮಾತು ತಡವರಿಸಿದರೆ ಅದು ಸನ್ನಿಯ ಮೌನರೂಪ ಇರಬಹುದು, ತಡಮಾಡದೆ ತೋರಿಸಬೇಕು. ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆಗಳು ಹೊಂದುವುದಿಲ್ಲ, ಆ ಔಷಧಿ ದೇಹದಲ್ಲಿ ಕೆಲಸ ಮಾಡುವ ರೂಪಕ್ಕೆ ಬರುವುದನ್ನು ಅವು ತಡೆಯುತ್ತವೆ, ಬೇರೆ ಮಾತ್ರೆಗಳಿವೆ. ಊರಿಗೆ ಹೋದಾಗ ಅಲ್ಲೊಂದು ಇಲ್ಲೊಂದು ಮಾತ್ರೆ ಬರೆಸಿಕೊಂಡು ಬರುವ ಅಭ್ಯಾಸ ಇರುವುದರಿಂದ ಇದನ್ನು ಹೇಳಿದೆ. ಎರಡೂ ದೇಶದ ಚೀಟಿಗಳನ್ನು ಒಬ್ಬರೇ ವೈದ್ಯರಿಗೆ ತೋರಿಸಿ.

ಬ್ರಿಟನ್ನಿನ ನೈಸ್ ಸಂಸ್ಥೆಯ 2009ರ ಮಾರ್ಗಸೂಚಿ, ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಖಿನ್ನತೆಯ ಅನುಮಾನ ಬಂದರೆ ಮೊದಲು ಎರಡೇ ಪ್ರಶ್ನೆ ಕೇಳಿ ಎನ್ನುತ್ತದೆ: ಕಳೆದ ಒಂದು ತಿಂಗಳಲ್ಲಿ ಮನಸ್ಸು ಕುಗ್ಗಿ ಎಲ್ಲ ಮುಗಿಯಿತು ಅನ್ನಿಸಿದ್ದುಂಟೇ, ಯಾವುದರಲ್ಲೂ ಆಸಕ್ತಿ ಸಂತೋಷ ಇಲ್ಲದಂತಾಗಿದೆಯೇ. ಈ ಎರಡು ಪ್ರಶ್ನೆಗಳು ಕನ್ನಡಕ್ಕೆ ಚೆನ್ನಾಗಿ ಒಗ್ಗುತ್ತವೆ. ಇವುಗಳ ಜೊತೆಗೆ ನಮ್ಮವರಿಗಾಗಿ ಮೂರನ್ನು ನಾನು ಸೇರಿಸುತ್ತೇನೆ. ಮನೆಯವರಿಗೆ ಹೊರೆಯಾದೆ ಅನ್ನಿಸುತ್ತದೆಯೇ? ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕೆಂದು ಒಳಗೇ ಇಟ್ಟುಕೊಂಡದ್ದು ಇದೆಯೇ? ಊರಿಗೆ ಹೋಗಬೇಕು ಅನ್ನಿಸುತ್ತಿದೆಯೇ? ಕೊನೆಯದಕ್ಕೆ ಅಂಕ ಕೊಡುವ ಕ್ರಮ ನನಗೆ ಗೊತ್ತಿಲ್ಲ. ಆದರೆ ಪರದೇಶದಲ್ಲಿ ಕ್ಯಾನ್ಸರ್ ಬಂದ ಕನ್ನಡದ ಹಿರಿಯರ ಜೀವನ ಗುಣಮಟ್ಟವನ್ನು ಈ ಪ್ರಶ್ನೆ ಕೇಳದೆ ಅಳೆದರೆ ಆ ಅಳತೆಯನ್ನು ನಾನು ನಂಬುವುದಿಲ್ಲ.

ಈ ಪ್ರಶ್ನೆಗಳನ್ನು ಕೇಳುವಾಗ ಮಗ ಮಗಳು ಕೋಣೆಯ ಹೊರಗೆ ಕಾಯಲಿ. ಎನ್‌ಎಚ್‌ಎಸ್‌ನಲ್ಲಿ ವೃತ್ತಿಪರ ದುಭಾಷಿಯ ಸೇವೆ ರೋಗಿಗೆ ಉಚಿತ, ಫೋನಿನ ಮೂಲಕವೂ ಏರ್ಪಡಿಸುತ್ತಾರೆ. ಅಪಾಯಿಂಟ್‌ಮೆಂಟ್ ಸಿಕ್ಕಿದ ದಿನವೇ ಕನ್ನಡ ಬೇಕೆಂದು ಹೆಸರು ಹಿಡಿದು ಕೇಳಬೇಕು; ‘ಇಂಡಿಯನ್’ ಎಂದಷ್ಟೇ ಬರೆದುಕೊಂಡರೆ ಹಿಂದಿಯವರು ಬಂದುಬಿಡುತ್ತಾರೆ.